ಬ್ಯಾಚಿನ ಗುರುತು ಬಯಲಾಗಲಿ

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜಗಳು ತಯಾರಾಗುತ್ತವೆ. ಅವುಗಳ ಅಳತೆ, ಬಣ್ಣ, ನೂಲುಗಳನ್ನು 1951ರಲ್ಲಿ ಮೊದಲು ರಚಿತವಾದ ಮಾನಕವೊಂದು ಗೊತ್ತುಪಡಿಸಿದೆ. ಧ್ವಜದ ಕುಂದನ್ನು ಕಣ್ಣಿನಿಂದಲೇ ಬಹುಮಟ್ಟಿಗೆ ಕಾಣಬಹುದು. ವಿದ್ಯಾರ್ಥಿಯ ಕೈಯಲ್ಲಿರುವ ಹೊಸ ಟ್ಯಾಬ್ಲೆಟ್ ಗಣಕದ ಕುಂದು ಒಳಗೆ ಅಡಗಿರುತ್ತದೆ.

ಒಂದೇ ಸಲಕ್ಕೆ ತಯಾರಾದ ಸರಕಿನ ಗುಂಪೇ ಬ್ಯಾಚು. ಅದರ ಒಂದು ಬಿಡಿಭಾಗ ಕೆಟ್ಟದಾದರೆ ದೋಷವು ಸಾವಿರಾರು ಮನೆಗಳಿಗೆ ಹಂಚಿಹೋಗುತ್ತದೆ. 2015ರಲ್ಲಿ ಎನ್‌ವಿಡಿಯಾ ಸಂಸ್ಥೆಯು ಬ್ಯಾಟರಿ ಅತಿಯಾಗಿ ಕಾಯುವ ಕಾರಣ ಅಮೆರಿಕ, ಕೆನಡಾಗಳಲ್ಲಿ ಸುಮಾರು 88,000 ಶೀಲ್ಡ್ ಟ್ಯಾಬ್ಲೆಟ್‌ಗಳನ್ನು ಹಿಂದಕ್ಕೆ ಕರೆಯಿತು. ಹೊರರೂಪ ಒಂದೇ ಆಗಿದ್ದರೂ ‘ವೈ01’ ಗುರುತಿನ ಬ್ಯಾಟರಿಯುಳ್ಳವು ಮಾತ್ರ ಅಪಾಯಕಾರಿಯಾಗಿದ್ದವು. ಗುರುತಿದ್ದುದರಿಂದಲೇ ಅವನ್ನು ಬೇರ್ಪಡಿಸಲಾಯಿತು.

ಆದುದರಿಂದ ತಯಾರಕರು ಬ್ಯಾಚಿನ ಗುರುತನ್ನು ಪೆಟ್ಟಿಗೆಯ ಮೇಲೆ ಸ್ಪಷ್ಟವಾಗಿ ಅಚ್ಚುಮಾಡತಕ್ಕದ್ದು, ದೋಷ ಕಂಡೊಡನೆ ಅದನ್ನು ಸಾರತಕ್ಕದ್ದು ಎಂಬುದು ನಮ್ಮ ಮತ. ವಿದ್ಯಾರ್ಥಿಗಳಾದರೋ ಕೊಂಡ ದಿನವೇ ಅದನ್ನು ರಸೀದಿಯ ಮೇಲೆ ಬರೆದಿಟ್ಟುಕೊಳ್ಳಲಿ.