ಕಾರವಾರವೋ, ಹೊನ್ನಾವರವೋ?

ಪ್ರವಾಸ ಹೊರಡಬೇಕೆಂಬ ಸಂಕಲ್ಪ ಸುಲಭ. ಎಲ್ಲಿಗೆಂಬ ನಿರ್ಣಯವೇ ಕಠಿಣ. ಹಲಸೂರಿನ ಸೋಮೇಶ್ವರ ದೇವಾಲಯದ ಸಮೀಪದ ಮನೆಯೊಂದರಲ್ಲಿ ಎಂಟು ದಿನಗಳಿಂದ ಇದೇ ಚರ್ಚೆ. ಯಜಮಾನರಿಗೆ ಡಿಸೆಂಬರಿನಲ್ಲಿ ದೊರೆತಿರುವುದು ಮೂರೇ ದಿನಗಳ ರಜೆ. ಅವರ ತಾಯಿಗೆ 76 ವರ್ಷ. ಅವರು ಈವರೆಗೆ ಕಂಡ ದೊಡ್ಡ ನೀರೆಂದರೆ ಹಲಸೂರು ಕೆರೆ, ಸಮುದ್ರವನ್ನು ಕಂಡವರಲ್ಲ. ಮುಂದಿನ ವರ್ಷ ಅವರ ಮೊಣಕಾಲುಗಳು ಪ್ರಯಾಣಕ್ಕೆ ಒಪ್ಪಿಯಾವೆಂಬ ಭರವಸೆ ಮನೆಯಲ್ಲಿ ಯಾರಿಗೂ ಇಲ್ಲ.

ಬೆಟ್ಟವೂ ಬೇಕು, ಕಡಲೂ ಬೇಕು, ಊರು ಚಿಕ್ಕದಾಗಿರಬೇಕು ಎಂದು ಎಲ್ಲರೂ ಒಪ್ಪಿದರು. ಉತ್ತರ ಕನ್ನಡದ ಎರಡು ಬಂದರುಗಳು ಉಳಿದವು: ಕಾಳಿ ನದಿಯ ಮುಖದಲ್ಲಿ ಕಾರವಾರ, ಶರಾವತಿಯ ಮುಖದಲ್ಲಿ ಹೊನ್ನಾವರ. ಇವುಗಳ ನಡುವೆ ಸುಮಾರು 90 ಕಿಲೋಮೀಟರು. ಅಲ್ಲಿಂದ ಮುಂದೆ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು.

ಕಾಲೇಜಿನಲ್ಲಿ ಓದುವ ಮಗಳದು ಹೊನ್ನಾವರದ ಪಕ್ಷ. ಹದಿನಾಲ್ಕನೆಯ ಶತಮಾನದಲ್ಲಿ ಅಲ್ಲಿಗೆ ಬಂದಿದ್ದ ಪ್ರವಾಸಿ ಇಬ್ನ್ ಬತೂತ ಹೆಣ್ಣುಮಕ್ಕಳ 13 ಶಾಲೆಗಳನ್ನು ಕಂಡೆನೆಂದು ಬರೆದಿಟ್ಟಿದ್ದಾನೆ. ಅಂಥ ಊರನ್ನು ನೋಡದಿರುವುದೆಂತು ಎಂಬುದು ಅವಳ ವಾದ. ಶರಾವತಿಯ ಹಿನ್ನೀರಿನಲ್ಲಿ ದೋಣಿ, ನದಿಯಾಚೆ 2020ರಲ್ಲಿ ನೀಲಿ ಧ್ವಜದ ಮನ್ನಣೆ ಪಡೆದ ಕಾಸರಕೋಡಿನ ಕಡಲತೀರ, ಸಮೀಪದಲ್ಲಿ ಅಪ್ಸರಕೊಂಡದ ಜಲಪಾತ, ಘಟ್ಟ ಹತ್ತಿದರೆ ಸುಮಾರು 60 ಕಿಲೋಮೀಟರಿನಲ್ಲಿ ಜೋಗ.

ತಂದೆ ಕಾರವಾರವನ್ನು ಹಿಡಿದರು. 1883ರಲ್ಲಿ 22ರ ತರುಣ ರವೀಂದ್ರನಾಥ ಠಾಕೂರರು, ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಬಳಿ ತಂಗಿದ್ದರು. ಇಂದು ಆ ತೀರಕ್ಕೆ ಅವರದೇ ಹೆಸರು. ಕಿರಿಯ ಮಗನಿಗೆ ಕವಿಯ ಗೊಡವೆಯಿಲ್ಲ. ಸೇವೆಯಿಂದ ನಿವೃತ್ತವಾಗಿ ದಡಕ್ಕೇರಿ ವಸ್ತುಸಂಗ್ರಹಾಲಯವಾಗಿರುವ ‘ಚಪಲ್’ ಯುದ್ಧನೌಕೆಯೊಂದೇ ಅವನಿಗೆ ಸಾಕು.

ಈ ವಾದವಿವಾದವನ್ನು ಹದಕ್ಕೆ ತಂದವರು ಗೃಹಿಣಿ. “ಜೋಗ ಮಳೆಗಾಲದ ವೈಭವ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದ ಮೇಲೆ ಶರಾವತಿಯ ನೀರು ಅಲ್ಲಿಯೇ ನಿಲ್ಲುತ್ತದೆ. ಡಿಸೆಂಬರಿನಲ್ಲಿ ಬಂಡೆಯನ್ನೇ ಹೆಚ್ಚಾಗಿ ನೋಡಬೇಕಾದೀತು. ಮಳೆಗಾಲದಲ್ಲಿ ಹೋದರೆ ಕಡಲು ಕೆರಳಿರುತ್ತದೆ, ದೋಣಿಗಳು ದಡದಲ್ಲಿರುತ್ತವೆ. ಎರಡೂ ಒಂದೇ ಋತುವಿನಲ್ಲಿ ಕೈಗೆ ಸಿಕ್ಕುವುದಿಲ್ಲ,” ಎಂದರು.

ಮಾತು ಸತ್ಯವಾಗಿತ್ತು. ಆದರೆ ಯಾರಿಗಾಗಿ ಹೊರಟಿದ್ದರೋ ಅವರನ್ನು ಆ ಎಂಟು ದಿನಗಳಲ್ಲಿ ಒಬ್ಬರೂ ಕೇಳಿರಲಿಲ್ಲ! ಮೂಲೆಯಲ್ಲಿ ಹೂ ಕಟ್ಟುತ್ತಿದ್ದ ಅಜ್ಜಿ ತಾವಾಗಿಯೇ ತಲೆಯೆತ್ತಿದರು.

“ಎಲ್ಲಿ ಕುಳಿತರೆ ಸೂರ್ಯ ಮುಳುಗುವ ತನಕ ನನ್ನನ್ನು ಯಾರೂ ಏಳು ಎನ್ನುವುದಿಲ್ಲವೋ, ಆ ಊರಿಗೆ ಕರೆದುಕೊಂಡು ಹೋಗಪ್ಪ.”

ಮನೆ ನಿಶ್ಶಬ್ದವಾಯಿತು. ಪ್ರಶ್ನೆ ಊರುಗಳದಲ್ಲ, ಹೋಗುವವರದು ಎಂಬುದು ಆಗ ಎಲ್ಲರಿಗೂ ಹೊಳೆಯಿತು. ಹೊನ್ನಾವರ ಸಂಚರಿಸುವವರ ಊರು. ಪೇಟೆಯಿರುವುದು ನದಿಯ ದಂಡೆಯ ಮೇಲೆ. ಕಾಸರಕೋಡಿನ ಕಡಲಿಗೆ ನದಿ ದಾಟಬೇಕು, ಜಲಪಾತಕ್ಕೆ ನಡೆಯಬೇಕು, ಘಟ್ಟಕ್ಕೆ ಏರಬೇಕು. ಕಾಲು ಗಟ್ಟಿಯಿರುವವರಿಗೆ ಅದಕ್ಕಿಂತ ಸೊಗಸಾದ ಮೂರು ದಿನಗಳು ದೊರೆಯಲಾರವು. ಕಾರವಾರ ಕುಳಿತು ನೋಡುವವರ ಊರು. ಪೇಟೆಯ ಮಗ್ಗುಲಿಗೇ ಮರಳು, ಬೆನ್ನಿಗೆ ಸಹ್ಯಾದ್ರಿ, ಕಾಳಿಯ ಆಚೆ ದಡದಲ್ಲಿ ಸದಾಶಿವಗಡದ ಗುಡ್ಡ, ಎದುರಿಗೆ ಕಡಲಿನ ದ್ವೀಪಗಳು. ಬೆಟ್ಟ, ನದಿ, ಸಮುದ್ರ ಮೂರನ್ನೂ ಕಾಣಲು ಕತ್ತು ಹೊರಳಿಸಿದರೆ ಸಾಕು.

ಕಾರವಾರವೇ ನಿಶ್ಚಯವಾಯಿತು. ಹಲಸೂರಿನಿಂದ ಮೆಟ್ರೋದಲ್ಲಿ ಮೆಜೆಸ್ಟಿಕ್ಕಿನ ಕಡೆಗೆ, ಅಲ್ಲಿಂದ ರಾತ್ರಿಯ ಪಂಚಗಂಗಾ ರೈಲು. ಕೆಳಗಿನ ಮಲಗುವ ಸ್ಥಾನ ಅಜ್ಜಿಗೆ. ಕಾರವಾರದ ನಿಲ್ದಾಣ ಊರಿನಿಂದ ದೂರದ ಶಿರವಾಡದಲ್ಲಿರುವುದರಿಂದ ವಾಹನವನ್ನು ಮೊದಲೇ ಗೊತ್ತುಮಾಡಬೇಕೆಂದು ಗೃಹಿಣಿ ಬರೆದಿಟ್ಟುಕೊಂಡರು.

ಮಗಳ ಮುಖ ಸ್ವಲ್ಪ ಬಾಡಿತ್ತು. ಅಜ್ಜಿ ಅವಳನ್ನು ಹತ್ತಿರ ಕರೆದು, “ನಿನ್ನ ಊರು ದಾರಿಯಲ್ಲಿ ಸಿಕ್ಕುವುದೇ ಇಲ್ಲವೇನೇ?” ಎಂದು ಕೇಳಿದರು. ಸಿಕ್ಕುತ್ತದೆ. ಹೊನ್ನಾವರಕ್ಕೆ ಮುಂಚೆ ರೈಲು ಶರಾವತಿಯನ್ನು ದಾಟುವ ಸೇತುವೆಯ ಉದ್ದ 2 ಕಿಲೋಮೀಟರಿಗೂ ಮಿಗಿಲು.

“ಹಾಗಾದರೆ ಸೇತುವೆಯ ಸದ್ದು ಕೇಳಿದೊಡನೆ ನನ್ನನ್ನು ಎಬ್ಬಿಸು. ನಿನ್ನ ಹೊಳೆಯನ್ನೂ ನೋಡಿಬಿಡೋಣ,” ಎಂದು ಅಜ್ಜಿ ಅಂದು ಕಟ್ಟಿದ ಮೊದಲ ಮೊಳ ಹೂವನ್ನು ಅವಳ ಜಡೆಗೆ ಮುಡಿಸಿದರು.