ಫ್ರೇಜು, ಕ್ಲಾಜು ಮತ್ತು ನಮ್ಮ ಕನ್ನಡ

ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜಿಗೆ ಬಂದ ನಮಗೆ ಸಿಗುವ ಮೊದಲ ಉಪದೇಶ ಒಂದುಂಟು: "ಇಂಗ್ಲಿಷ್ ಬರಬೇಕಾದರೆ ಕನ್ನಡದಲ್ಲಿ ಯೋಚಿಸೋದನ್ನ ಬಿಡಿ." ನನ್ನ ಅಭಿಪ್ರಾಯ ಇದಕ್ಕೆ ತೀರ ವಿರುದ್ಧ. ಇಂಗ್ಲಿಷ್ ವ್ಯಾಕರಣದಲ್ಲಿ ನಮ್ಮನ್ನು ಬಹಳ ಕಾಡುವ ಫ್ರೇಜ್ ಮತ್ತು ಕ್ಲಾಜ್ ಅರ್ಥವಾಗಬೇಕಾದರೆ ಕನ್ನಡವನ್ನು ಬಿಡಬಾರದು, ಪಕ್ಕದಲ್ಲೇ ಇಟ್ಟುಕೊಳ್ಳಬೇಕು.

ಗೈಡಿನ ವ್ಯಾಖ್ಯೆ ಎಲ್ಲರಿಗೂ ಬಾಯಿಪಾಠ. ಕ್ರಿಯಾಪದ ಇಲ್ಲದ ಪದಗಳ ಗುಂಪು ಫ್ರೇಜ್. ಕರ್ತೃ, ಕ್ರಿಯಾಪದ ಎರಡೂ ಇದ್ದರೆ ಕ್ಲಾಜ್. ಸರಿ, ಡೊಂಬಿವಲಿಯಲ್ಲಿ ನಾವು ದಿನಾ ನೋಡುವ ಲೋಕಲನ್ನೇ ತಗೊಳ್ಳಿ. 'ದಿ ಟ್ರೇನ್ ಗೋಯಿಂಗ್ ಟು ಕಲ್ಯಾಣ್' ಎಂಬಲ್ಲಿ 'ಗೋಯಿಂಗ್ ಟು ಕಲ್ಯಾಣ್' ಫ್ರೇಜ್. 'ದಿ ಟ್ರೇನ್ ವಿಚ್ ಗೋಸ್ ಟು ಕಲ್ಯಾಣ್' ಎಂಬಲ್ಲಿ 'ವಿಚ್ ಗೋಸ್ ಟು ಕಲ್ಯಾಣ್' ಕ್ಲಾಜ್. ಎರಡಕ್ಕೂ ಕನ್ನಡವೇನು? 'ಕಲ್ಯಾಣಕ್ಕೆ ಹೋಗುವ ಗಾಡಿ'. ಒಂದೇ! ತೊಡಕಿರುವುದು ಇಲ್ಲಿ. ಇಂಗ್ಲಿಷ್ ಎರಡು ರೀತಿಯಲ್ಲಿ ಹೇಳಿದ್ದನ್ನು ನಮ್ಮ ಭಾಷೆ ಒಂದೇ ರೀತಿಯಲ್ಲಿ ಹೇಳಿ ಮುಗಿಸುತ್ತದೆ. ಅರ್ಥ ನೋಡಿ ಬೇರ್ಪಡಿಸಲು ಹೊರಟವನು ತಿಣುಕಲೇಬೇಕು. ಅದು ಅವನ ದಡ್ಡತನವಲ್ಲ.

ಈ 'ಹೋಗುವ' ಎಂಬುದನ್ನು ಹೈಸ್ಕೂಲಿನಲ್ಲಿ ಕೃದಂತ ಅಂತ ಕಲಿತಿದ್ದೇವೆ. ಧಾತುವಿನಿಂದ ಹುಟ್ಟಿದ್ದು, ಆದರೆ ಪೂರ್ಣ ಕ್ರಿಯಾಪದವಲ್ಲ. 'ಗಾಡಿ ಹೋಗುವ' ಅಂದರೆ ವಾಕ್ಯ ಮುಗಿಯದು, 'ಗಾಡಿ ಹೋಗುತ್ತದೆ' ಅಂದರೆ ಮುಗಿಯುತ್ತದೆ. 'ಗೋಯಿಂಗ್' ಎಂಬುದು 'ಹೋಗುವ'ದ ಜಾತಿ; 'ಗೋಸ್' ಎಂಬುದು 'ಹೋಗುತ್ತದೆ'ಯ ಜಾತಿ. ಕರ್ತೃವಿನ ಜೊತೆ ಪೂರ್ಣ ಕ್ರಿಯಾಪದವಿದ್ದರೆ ಕ್ಲಾಜ್, ಇಲ್ಲದಿದ್ದರೆ ಫ್ರೇಜ್. ಗೈಡಿನಲ್ಲಿ 'ಪೂರ್ಣ' ಎಂಬ ಮಾತೇ ಇರೋದಿಲ್ಲ. ಹೀಗಾಗಿ 'ಗೋಯಿಂಗ್' ಕಂಡಕೂಡಲೆ ಹುಡುಗರು ಕ್ಲಾಜ್ ಅಂತ ಬರೆದು ಮಾರ್ಕು ಕಳಕೊಳ್ಳುತ್ತಾರೆ.

ನಮ್ಮ ಮರಾಠಿ ಗೆಳೆಯರಿಗೆ ಇಲ್ಲಿ ಸ್ವಲ್ಪ ಅನುಕೂಲ. ಅವರಲ್ಲಿ 'ಆಲೇಲಾ ಮುಲ್‌ಗಾ' ಅಂದರೆ ಬಂದ ಹುಡುಗ ಎಂಬುದೂ ಉಂಟು, 'ಜೋ ಮುಲ್‌ಗಾ ಆಲಾ, ತೋ' ಎಂಬುದೂ ಉಂಟು. ಆ 'ಜೋ' ಇಂಗ್ಲಿಷಿನ 'ಹೂ'ಗೆ ಹತ್ತಿರದ ನೆಂಟ. ನಮ್ಮಲ್ಲೂ 'ಯಾರು ಬಂದರೋ ಅವರು' ಎನ್ನುವುದು ಇದೆ, ಆದರೆ ಮಾತಿನಲ್ಲಿ ನಾವು 'ಬಂದವರು' ಅಂತಲೇ ಮುಗಿಸುತ್ತೇವೆ.

ಜರ್ಮನಿಯಿಂದ ಬಂದ ಕಿಟೆಲ್ಲರು 1903ರಲ್ಲಿ ಮಂಗಳೂರಿನಿಂದ ಕನ್ನಡ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಅದರಲ್ಲಿ ಈ 'ಹೋಗುವ', 'ಬಂದ'ಗಳಿಗೆ ರಿಲೇಟಿವ್ ಪಾರ್ಟಿಸಿಪಲ್ ಎಂಬ ಹೆಸರಿದೆ. ಹೊರಗಿನವರು ಕನ್ನಡ ಕಲಿಯಲು ಹೀಗೆ ತಮಗೆ ತಿಳಿದ ಭಾಷೆಯ ಆಸರೆ ಪಡೆಯಬಹುದಾದರೆ, ನಾವು ಇಂಗ್ಲಿಷ್ ಕಲಿಯುವಾಗ ಅದು ಹೇಗೆ ತಪ್ಪಾದೀತು?

ಇದು ವ್ಯಾಕರಣದ ಹತ್ತು ಮಾರ್ಕಿನ ಪ್ರಶ್ನೆ ಮಾತ್ರವಲ್ಲ. ಕಾಮರ್ಸಿನವರು ಓದಲೇಬೇಕಾದ 1872ರ ಕಾಂಟ್ರಾಕ್ಟ್ ಕಾಯಿದೆ ನೋಡಿ. ಅದರ 25ನೆಯ ಸೆಕ್ಷನ್ ಪ್ರಕಾರ ಪ್ರತಿಫಲವಿಲ್ಲದೆ ಮಾಡಿಕೊಂಡ ಒಪ್ಪಂದ ಅನೂರ್ಜಿತ. ಇಲ್ಲಿ 'ಪ್ರತಿಫಲವಿಲ್ಲದೆ' ಎಂಬುದು ಇಂಗ್ಲಿಷಿನಲ್ಲಿ ಫ್ರೇಜ್. ಯಾವ ಒಪ್ಪಂದ ಅಂತ ಹೇಳುತ್ತದೆ. ಆಮೇಲೆ 'ಅನ್‌ಲೆಸ್' ಅಂತ ಕ್ಲಾಜ್ ಶುರುವಾಗಿ ಮೂರು ವಿನಾಯಿತಿ ಕೊಡುತ್ತದೆ. ವಾಯಿದೆ ಮೀರಿದ ಸಾಲವನ್ನು ತೀರಿಸುತ್ತೇನೆಂದು ಬರೆದು ಸಹಿಮಾಡಿದ ವಚನ ಅವುಗಳಲ್ಲೊಂದು. ಆ ಕ್ಲಾಜ್ ಎಲ್ಲಿ ಹಿಡಿಯಿತು, ಎಲ್ಲಿ ಬಿಟ್ಟಿತು ಅಂತ ತಿಳಿಯದವನಿಗೆ ಕಾನೂನು ತಲೆಕೆಳಗಾಗಿ ಕಾಣುತ್ತದೆ. ಕನ್ನಡದಲ್ಲಿ 'ಕೊಟ್ಟರೆ' ಎಂಬ ಒಂದು 'ರೆ'ಯಲ್ಲಿ ಮುಗಿಯುವ ಷರತ್ತು ಇಂಗ್ಲಿಷಿನಲ್ಲಿ ಮೂರು ಸಾಲು ಓಡುತ್ತದೆ. ಮನೆ ಬಾಡಿಗೆಯ ಕಾಗದ, ಬ್ಯಾಂಕ್ ಸಾಲದ ಕಾಗದ ಎಲ್ಲದರಲ್ಲೂ ಇದೇ ಕತೆ. ನಮ್ಮ ಮನೆಗಳಲ್ಲಿ ಇಂಥ ಕಾಗದ ಬಂದಾಗ ಅಪ್ಪ "ಓದಿ ಹೇಳು" ಅಂತ ಕೊಡುವುದು ಕಾಲೇಜಿಗೆ ಹೋಗುವ ಮಗನಿಗೆ ಅಥವಾ ಮಗಳಿಗೆ. ಸಹಿ ಮಾತ್ರ ಅಪ್ಪನದು.

ಆದ್ದರಿಂದ ಮಿತ್ರರೆ, ಹೈಸ್ಕೂಲಿನ ಕನ್ನಡ ವ್ಯಾಕರಣದ ಪುಸ್ತಕವನ್ನು ರದ್ದಿಗೆ ಹಾಕಬೇಡಿ. ಇಂಗ್ಲಿಷ್ ಅಧ್ಯಾಪಕರಲ್ಲೂ ನನ್ನ ವಿನಂತಿ ಇಷ್ಟೆ: ವರ್ಷಕ್ಕೆ ಎರಡು ತಾಸಾದರೂ ಹಲಗೆಯ ಮೇಲೆ ಎರಡು ಭಾಷೆಯ ವಾಕ್ಯಗಳನ್ನು ಎದುರುಬದುರು ಬರೆದು ತೋರಿಸಿ. ನಮ್ಮ ಸಾಹಿತ್ಯ ಸಂಘವೂ ಕವಿಗೋಷ್ಠಿಗಳ ನಡುವೆ ಒಂದು ಸಂಜೆಯನ್ನು ಇದಕ್ಕೆ ಬಿಟ್ಟುಕೊಟ್ಟರೆ ಕವಿಗಳಿಗೇನೂ ನಷ್ಟವಾಗದು.