ಪಬ್ಬಿನ ಮೇಜಿನಲ್ಲಿ ಮಗುವಿಗೊಂದು ಕುರ್ಚಿ

ಮಕ್ಕಳೊಂದಿಗೆ ಬರುವ ಕುಟುಂಬಗಳನ್ನು ಪಬ್ಬುಗಳು ಸ್ವಾಗತಿಸಬೇಕೇ ಎಂಬ ವಿವಾದ ಇಂಗ್ಲೆಂಡಿನಲ್ಲಿ ಹಳೆಯದು, ಆದರೆ ಇನ್ನೂ ಮುಗಿದಿಲ್ಲ. ದಿನದ ದುಡಿಮೆ ಮುಗಿಸಿ ಒಂದು ಗ್ಲಾಸು ಬಿಯರ್ ಹಿಡಿದು ಕುಳಿತವನಿಗೆ ಮೇಜುಗಳ ನಡುವೆ ಓಡಾಡುವ ಮಕ್ಕಳೆಂದರೆ ಕಿರಿಕಿರಿ. ಮಗುವಿದೆ ಎಂಬ ಒಂದೇ ಕಾರಣಕ್ಕೆ ತಮ್ಮನ್ನು ಬಾಗಿಲಲ್ಲೇ ತಡೆಯುವುದು ಯಾವ ನ್ಯಾಯ ಎಂಬುದು ತಂದೆತಾಯಿಯ ಪ್ರಶ್ನೆ. ಬೆಂಗಳೂರಿನ ಮೈಕ್ರೋಬ್ರುವರಿಗಳಲ್ಲಿ ಭಾನುವಾರ ಮಧ್ಯಾಹ್ನ ಪುಟ್ಟ ಮಕ್ಕಳೂ ಕಾಣಿಸಿಕೊಳ್ಳುವ ಈ ದಿನಗಳಲ್ಲಿ ನಾವೂ ಇದನ್ನು ಪರದೇಶದ ಜಗಳವೆಂದು ತಳ್ಳಿಹಾಕುವಂತಿಲ್ಲ. ವಿಚಿತ್ರವೆಂದರೆ, ಎರಡೂ ಬಣಗಳು ವಾದಿಸುವುದು ದೊಡ್ಡವರ ಅನುಕೂಲದ ಬಗ್ಗೆ. ಮಗುವಿನ ಪರವಾಗಿ ಮಾತನಾಡುವವರು ಕಡಿಮೆ.

ಈ ವಿಷಯದಲ್ಲಿ ಬ್ರಿಟನ್ನಿನ ಕಾನೂನು ಸಾಗಿಬಂದ ದಾರಿ ಕುತೂಹಲಕರ. ಹತ್ತೊಂಬತ್ತನೆಯ ಶತಮಾನದಲ್ಲಿ ಅಪ್ಪನಿಗೆ ಬಿಯರ್ ತರಲು ಜಗ್ಗು ಕೊಟ್ಟು ಮಕ್ಕಳನ್ನು ಪಬ್ಬಿಗೆ ಅಟ್ಟುವುದು ಕಾರ್ಮಿಕರ ಕೇರಿಗಳಲ್ಲಿ ಮಾಮೂಲಾಗಿತ್ತು. ದಾರಿಯಲ್ಲಿ ಮಗು ಒಂದು ಗುಟುಕು ಹೀರಿಯೇಬಿಡುತ್ತದೆಂಬ ಆತಂಕದಿಂದ 1901ರ ಕಾಯ್ದೆಯು, 14 ವರ್ಷದೊಳಗಿನವರ ಕೈಗೆ ಮೊಹರು ಮಾಡಿದ ಪಾತ್ರೆಯಲ್ಲಲ್ಲದೆ ಮದ್ಯ ಕೊಡಕೂಡದೆಂದು ವಿಧಿಸಿತು. 1908ರ ಮಕ್ಕಳ ಕಾಯ್ದೆ ಅದೇ ವಯಸ್ಸಿನವರಿಗೆ ಬಾರಿನ ಬಾಗಿಲನ್ನೇ ಮುಚ್ಚಿತು. ಫಲಿತಾಂಶವೇನು? ತಂದೆ ಒಳಗೆ ಕುಡಿಯುತ್ತಿದ್ದ, ಮಕ್ಕಳು ಹೊರಗಿನ ಮೆಟ್ಟಿಲ ಮೇಲೆ, ಮುಂದಿನ ತಲೆಮಾರಿನಲ್ಲಿ ನಿಲ್ಲಿಸಿದ ಕಾರಿನೊಳಗೆ, ನಿಂಬೆ ಪಾನಕವನ್ನೂ ಆಲೂಗಡ್ಡೆ ಚಿಪ್ಸನ್ನೂ ಹಿಡಿದು ಕಾಯುತ್ತಿದ್ದರು. ಇಂಗ್ಲೆಂಡಿನ ಹಿರಿಯರು ಇಂದಿಗೂ ಮೆಲುಕು ಹಾಕುವ ಬಾಲ್ಯದ ಚಿತ್ರ ಇದು. ಕಾಯ್ದೆ ಮಗುವನ್ನು ಬಾರಿನಿಂದ ದೂರವಿಟ್ಟಿತೇ ಹೊರತು ಕುಡಿತದ ಪರಿಣಾಮದಿಂದಲ್ಲ.

ಬಾಗಿಲು ತೆರೆದದ್ದು ನಿಧಾನವಾಗಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1995ರಿಂದ ವಿಶೇಷ ಪ್ರಮಾಣಪತ್ರ ಪಡೆದ ಪಬ್ಬುಗಳು, ಊಟದ ವ್ಯವಸ್ಥೆಯಿದ್ದರೆ, ಹಿರಿಯರೊಂದಿಗೆ ಬಂದ ಮಕ್ಕಳನ್ನು ರಾತ್ರಿ 9ರವರೆಗೆ ಬಾರಿನೊಳಗೆ ಬಿಟ್ಟುಕೊಳ್ಳಬಹುದಾಯಿತು. 2005ರ ನವೆಂಬರಿನಲ್ಲಿ ಜಾರಿಗೆ ಬಂದ 2003ರ ಪರವಾನಗಿ ಕಾಯ್ದೆ ಇನ್ನೂ ಮುಂದೆ ಹೋಗಿ, ಪ್ರಧಾನವಾಗಿ ಮದ್ಯವನ್ನೇ ಮಾರುವ ಜಾಗಗಳಲ್ಲಿ 16ರೊಳಗಿನವರು ಹಿರಿಯರಿಲ್ಲದೆ ಇರಕೂಡದೆಂದಷ್ಟೇ ಹೇಳಿ, ಉಳಿದುದನ್ನು ಪರವಾನಗಿಯ ಷರತ್ತುಗಳಿಗೂ ಮಾಲೀಕನ ವಿವೇಚನೆಗೂ ಬಿಟ್ಟಿತು. ಮಕ್ಕಳನ್ನು ಹಾನಿಯಿಂದ ರಕ್ಷಿಸುವುದು ಆ ಕಾಯ್ದೆಯ ನಾಲ್ಕು ಧ್ಯೇಯಗಳಲ್ಲಿ ಒಂದು.

ಈ ಔದಾರ್ಯದ ಹಿಂದೆ ಮಕ್ಕಳ ಮೇಲಿನ ಪ್ರೀತಿಗಿಂತ ಲೆಕ್ಕಪುಸ್ತಕದ ಒತ್ತಡವೇ ಹೆಚ್ಚೆಂದು ನನ್ನ ಅನಿಸಿಕೆ. ಸೂಪರ್ ಮಾರ್ಕೆಟ್ಟಿನ ಅಗ್ಗದ ಬಿಯರ್ ಗಿರಾಕಿಗಳನ್ನು ಮನೆಯ ಸೋಫಾಕ್ಕೆ ಸೆಳೆದಿತ್ತು. ಈ ಶತಮಾನದ ಆರಂಭದಲ್ಲಿ 60 ಸಾವಿರದಷ್ಟಿದ್ದ ಬ್ರಿಟನ್ನಿನ ಪಬ್ಬುಗಳ ಸಂಖ್ಯೆ ಇದೀಗ 45 ಸಾವಿರದ ಆಸುಪಾಸಿಗೆ ಕುಸಿದಿದೆ. ಬದುಕಿ ಉಳಿದವುಗಳಲ್ಲಿ ಎಷ್ಟೋ ಪಬ್ಬುಗಳು ಅಡುಗೆಮನೆಯನ್ನು ಆಶ್ರಯಿಸಿದವು. ಭಾನುವಾರದ ಊಟಕ್ಕೆ ಬರುವ ಕುಟುಂಬವನ್ನು ಮಗುವಿನ ಕಾರಣಕ್ಕೆ ಹಿಂದಕ್ಕೆ ಕಳಿಸುವ ಐಷಾರಾಮ ಅವುಗಳಿಗಿಲ್ಲ. 2007ರ ಜುಲೈಯಿಂದ ಇಂಗ್ಲೆಂಡಿನ ಪಬ್ಬುಗಳೊಳಗೆ ಧೂಮಪಾನ ನಿಷಿದ್ಧವಾದದ್ದು ಮಕ್ಕಳ ಪ್ರವೇಶಕ್ಕಿದ್ದ ಬಲವಾದ ಆಕ್ಷೇಪವೊಂದನ್ನು ನಿವಾರಿಸಿತು. ಮಕ್ಕಳೊಂದಿಗೆ ಪಬ್ಬಿನ ಊಟ ಎಷ್ಟು ಸಹಜವಾಯಿತೆಂದರೆ, ಪ್ರಧಾನಿಯಾಗಿದ್ದ ಡೇವಿಡ್ ಕ್ಯಾಮರಾನ್ ದಂಪತಿ ಎಂಟು ವರ್ಷದ ಮಗಳನ್ನು ಪಬ್ಬೊಂದರಲ್ಲಿ ಮರೆತು ಬಂದ ಸುದ್ದಿ 2012ರಲ್ಲಿ ಹೊರಬಿದ್ದಾಗ, ಜನ ಮರೆವಿನ ಬಗ್ಗೆ ಆಡಿಕೊಂಡರೇ ವಿನಾ ಮಗುವನ್ನು ಅಲ್ಲಿಗೆ ಕರೆದೊಯ್ದದ್ದೇಕೆಂದು ಕೇಳಿದವರು ವಿರಳ.

ಹಾಗಾದರೆ ಎಲ್ಲವೂ ಸರಿಯೇ? ಅರ್ಥಶಾಸ್ತ್ರದಲ್ಲಿ ನಾವು ಕಲಿತ ಮೊದಲ ಪಾಠಗಳಲ್ಲೊಂದು, ವ್ಯವಹಾರದಲ್ಲಿ ಪಾಲ್ಗೊಳ್ಳದವರ ಮೇಲೆ ಬೀಳುವ ವೆಚ್ಚವನ್ನು ಮಾರುಕಟ್ಟೆ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದು. ಗದ್ದಲದಿಂದ ಬೇಸತ್ತ ಗಿರಾಕಿ ಎದ್ದು ಬೇರೆ ಪಬ್ಬಿಗೆ ಹೋಗಬಲ್ಲ. ಮೂರನೆಯ ಗ್ಲಾಸು ತರಿಸಿಕೊಂಡ ಅಪ್ಪನ ಪಕ್ಕ ನಿದ್ದೆಗಣ್ಣಿನಲ್ಲಿ ಕುಳಿತ ಮಗು ಎಲ್ಲಿಗೆ ಹೋಗಬೇಕು? ತಂದೆತಾಯಿ ವ್ಯಸನಿಗಳಲ್ಲದಿದ್ದರೂ ಅವರ ಕುಡಿತ ಮಕ್ಕಳನ್ನು ತಟ್ಟುತ್ತದೆ, ಅತಿ ಹೆಚ್ಚು ಕುಡಿದಾಗ ಮಾತ್ರವಲ್ಲ ಎಂದು ಲಂಡನ್ನಿನ ಆಲ್ಕೋಹಾಲ್ ಅಧ್ಯಯನ ಸಂಸ್ಥೆ 2017ರ ವರದಿಯಲ್ಲಿ ಎಚ್ಚರಿಸಿತ್ತು. ಒಂದು ಗ್ಲಾಸಿನೊಂದಿಗೆ ಊಟ ಮುಗಿಸಿ ಏಳುವ ತಂದೆಯನ್ನು ನೋಡಿ ಮಗು ಮಿತವನ್ನು ಕಲಿಯಬಹುದೆಂಬ ವಾದವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ವಾದ ನಿಂತಿರುವುದು ತಂದೆ ನಿಜಕ್ಕೂ ಏಳುತ್ತಾನೆಂಬ ನಂಬಿಕೆಯ ಮೇಲೆ.

ನಮ್ಮಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ್ದೇ ಅಪರೂಪ. ಹೆದ್ದಾರಿಯುದ್ದಕ್ಕೂ ‘ಬಾರ್ ಅಂಡ್ ಫ್ಯಾಮಿಲಿ ರೆಸ್ಟೋರೆಂಟ್’ ಫಲಕಗಳಿವೆ. ಕುಟುಂಬಕ್ಕೆ ಮೇಲಂತಸ್ತು, ಕುಡಿಯುವವರಿಗೆ ಕೆಳಗಿನ ಮಬ್ಬುಗತ್ತಲು ಎಂಬ ಅಲಿಖಿತ ಒಪ್ಪಂದ ಬಹುಕಾಲ ನಡೆದುಬಂತು. 2011ರ ಸುಮಾರಿಗೆ ಬೆಂಗಳೂರಿಗೆ ಕಾಲಿಟ್ಟ ಮೈಕ್ರೋಬ್ರುವರಿಗಳು ಆ ಗೋಡೆಯನ್ನು ಕೆಡವಿದವು. ಸಾರ್ವಜನಿಕ ಚರ್ಚೆ ಮಾತ್ರ ಬೇರೆಡೆಯೇ ಸುತ್ತಿತು. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿಗೆ ನುಗ್ಗಿ ಯುವತಿಯರನ್ನು ಥಳಿಸಿದ ನಂತರ ಪಬ್ಬಿನ ಮಾತೆತ್ತಿದರೆ ಸಂಸ್ಕೃತಿಯ ರಣಕಹಳೆ ಮೊಳಗತೊಡಗಿತು. ಗೂಂಡಾಗಿರಿಯನ್ನು ವಿರೋಧಿಸುವವರು ಮದ್ಯದ ನಿಯಂತ್ರಣದ ಬಗ್ಗೆ ದನಿಯೆತ್ತಲೂ ಹಿಂಜರಿದರು. 2023ರ ಜನವರಿಯಲ್ಲಿ ಮದ್ಯ ಖರೀದಿಯ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಕರಡು ಪ್ರಕಟಿಸಿದ ಸರ್ಕಾರ, ವಿರೋಧ ಬಂದೊಡನೆ ಅದನ್ನು ಹಿಂತೆಗೆದುಕೊಂಡಿತು. ಆಗಲೂ ಚರ್ಚೆಯಾದದ್ದು ಯಾರು ಕೊಳ್ಳಬಹುದೆಂಬುದೇ, ಪಕ್ಕದಲ್ಲಿ ಯಾರು ಕುಳಿತಿರಬಹುದೆಂಬುದಲ್ಲ.

ಬ್ರಿಟನ್ನಿನ ಮಾದರಿಯನ್ನು ಹಾಗೆಯೇ ತರುವಂತೆಯೂ ಇಲ್ಲ. ಅಲ್ಲಿ ಓಣಿಯ ಪಬ್ಬಿಗೆ ನಡೆದುಕೊಂಡೇ ಹೋಗಿ ಬರುವವರು ಬಹಳ. ಇಲ್ಲಿ ವೈಟ್‌ಫೀಲ್ಡಿಗೋ ಹೆಣ್ಣೂರಿಗೋ ಕಾರಿನಲ್ಲೇ ಹೋಗಬೇಕು, ಮಗು ಹಿಂದಿನ ಸೀಟಿನಲ್ಲಿ ಕೂತು ಮರಳಬೇಕು. ಚಾಲಕನ 100 ಮಿಲಿಲೀಟರ್ ರಕ್ತದಲ್ಲಿ ಮದ್ಯಸಾರದ ಮಿತಿ ಇಂಗ್ಲೆಂಡಿನಲ್ಲಿ 80 ಮಿಲಿಗ್ರಾಂ, ನಮ್ಮಲ್ಲಿ 30. ಅಲ್ಲಿ ಕಾನೂನುಬದ್ಧವಾಗಿ ಮನೆ ಸೇರುವ ತಂದೆ ಇಲ್ಲಿ ಅಪರಾಧಿ.

ಆದ್ದರಿಂದ ಮಕ್ಕಳಿಗೆ ಸಂಪೂರ್ಣ ನಿಷೇಧವನ್ನು ನಾನು ಬೆಂಬಲಿಸಲಾರೆ. 1908ರ ಮೆಟ್ಟಿಲುಗಳ ಕಥೆ ಕಣ್ಣೆದುರಿಗಿದೆ. ಅಡುಗೆಮನೆ ನಿಜವಾಗಿ ನಡೆಯುವಲ್ಲಿ, ಹಗಲಿನಲ್ಲಿ, ಕುಟುಂಬ ಬಂದು ಉಣ್ಣಲಿ. ಆದರೆ ಮಕ್ಕಳು ಹೊರಡಬೇಕಾದ ಗಂಟೆ, ಉದಾಹರಣೆಗೆ ಸಂಜೆ 7, ಪರವಾನಗಿಯ ಷರತ್ತಿನಲ್ಲೇ ನಮೂದಾಗಿರಬೇಕು. ಮಗುವಿನೊಂದಿಗೆ ಬಂದವರಿಗೆ ಇನ್ನೊಂದು ಗ್ಲಾಸು ಕೊಡೆನೆನ್ನುವ ಅಧಿಕಾರ ಮೇಜಿಗೆ ತಂದಿಡುವ ಹುಡುಗನಿಗೂ ಇರಬೇಕು, ಹಾಗೆಂದ ಕಾರಣಕ್ಕೆ ಅವನ ಕೆಲಸ ಹೋಗಬಾರದು. ಆಡಳಿತದಲ್ಲಿ ದುಡಿದವರಿಗೆ ಗೊತ್ತು, ಷರತ್ತು ಬರೆಯುವುದು ಸುಲಭ, ಸಂಜೆ ಏಳರ ನಂತರ ಹೋಗಿ ನೋಡುವವರು ಯಾರೆಂಬುದೇ ಕಷ್ಟ. ಅಬಕಾರಿ ಇಲಾಖೆಗೆ ಪ್ರತಿ ವರ್ಷ ಆದಾಯದ ಗುರಿ ನಿಗದಿಯಾಗುತ್ತದೆ. ತಪಾಸಣೆಯ ಹೊಣೆಯನ್ನು ಅದೇ ಇಲಾಖೆಗೆ ಒಪ್ಪಿಸುವ ಬದಲು ಮಕ್ಕಳ ರಕ್ಷಣಾ ಘಟಕಗಳಿಗೂ ಪ್ರವೇಶಾಧಿಕಾರ ಕೊಡಬಹುದೇ ಎಂಬುದನ್ನು ಸರ್ಕಾರ ಪರಿಶೀಲಿಸಬೇಕು.